ಗೋಡೆಗೂ ಗೊತ್ತಿಲ್ಲದ ಗುಟ್ಟು

ಬೇರೆ ಊರುಗಳಲ್ಲಿ ಗೋಡೆಗೆ ಕಿವಿ ಇರುತ್ತದಂತೆ. ನಮ್ಮೂರ ಗೋಡೆಗೆ ಇರುವುದು ಬಾಯಿ. ಮನೆಯೊಳಗೆ ಯಾರು ಮಲಗಿರುತ್ತಾರೋ ಅವರು ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡದ್ದು ಬೆಳಗಿನ ಬಿಸಿಲು ಬೀಳುತ್ತಲೇ ಬಾಗಿಲ ಎಡಗಡೆಯ ಗೋಡೆಯ ಮೇಲೆ ನೀಲಿ ಅಕ್ಷರಗಳಲ್ಲಿ ಮೂಡುತ್ತದೆ. ಹೊತ್ತೇರುವಷ್ಟರಲ್ಲಿ ಅಳಿಸಿಹೋಗುತ್ತದೆ. ಸುಣ್ಣ ಬಳಿದರೆ ಸುಣ್ಣದ ಮೇಲೆ ಮೂಡುತ್ತದೆ, ಗೋಣಿತಟ್ಟು ಇಳಿಬಿಟ್ಟರೆ ತಟ್ಟಿನ ಮೇಲೆ. ನಮ್ಮ ಅಜ್ಜ ಹಟಮಾರಿ. ಒಂದು ಸಲ ಸಿಟ್ಟಿಗೆದ್ದು ಆ ಗೋಡೆಯನ್ನೇ ಕೆಡವಿಸಿದ. ಮರುದಿನ ಅವನ ಗುಟ್ಟು ಪಕ್ಕದ ಮನೆಯವರ ಗೋಡೆಯ ಮೇಲೆ ಬಂತು. ಅವರು ಬಂದು ಜಗಳ ತೆಗೆದರು. ಅಜ್ಜ ತೆಪ್ಪಗೆ ಮತ್ತೆ ಗೋಡೆ ಕಟ್ಟಿಸಿದ.

ಇಂಥ ಊರಲ್ಲಿ ಬದುಕುವುದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಎಲ್ಲರೂ ಬದುಕುವ ಹಾಗೆಯೇ. ನಮ್ಮ ಸಾಲೆಯ ಮಾಸ್ತರರು ಪರೀಕ್ಷೆಯ ಪ್ರಶ್ನೆಗಳನ್ನು ಪರೀಕ್ಷೆಯ ದಿನವೇ, ಹಲ್ಲುಜ್ಜುತ್ತ ಯೋಚಿಸುತ್ತಾರೆ. ಹೆಣ್ಣು ನೋಡಲು ಬಂದವರು ಒಂದು ರಾತ್ರಿ ವಸ್ತಿ ಮಾಡಿಯೇ ಹೋಗಬೇಕು. ಬೆಳಿಗ್ಗೆ ಗೋಡೆ ನೋಡಿದ ಮೇಲೆ ಎಲೆ ಅಡಿಕೆ, ಇಲ್ಲವೇ ಬಸ್ಸಿನ ದಾರಿ. ಅಂಥ ಸಂದರ್ಭ ಬಿಟ್ಟರೆ ಇನ್ನೊಬ್ಬರ ಗೋಡೆ ಓದುವುದೆಂದರೆ ನಮ್ಮಲ್ಲಿ ಬಚ್ಚಲಿಗೆ ಇಣುಕಿದಷ್ಟೇ ಅಸಹ್ಯ. ಕಣ್ಣಿಗೆ ಬಿದ್ದರೂ ಬಿದ್ದಿಲ್ಲ ಎನ್ನಬೇಕು. ನಾನು ಈ ಊರಿನ ಟಪಾಲಿನವನು, ನಿಂಗಪ್ಪ. ಇಪ್ಪತ್ತಾರು ವರ್ಷ ಮನೆಮನೆಯ ಬಾಗಿಲಲ್ಲಿ ನಿಂತು, ಎಡಕ್ಕೆ ನೋಡಬಾರದೆಂದು ಬಲಕ್ಕೇ ಕತ್ತು ತಿರುಗಿಸಿ ತಿರುಗಿಸಿ, ನನ್ನ ಕುತ್ತಿಗೆ ಬಲಕ್ಕೇ ವಾಲಿ ನಿಂತುಬಿಟ್ಟಿದೆ. ಡಾಕ್ಟರು ವಾತ ಎನ್ನುತ್ತಾರೆ. ವಾತವೂ ಅಲ್ಲ, ಮಣ್ಣೂ ಅಲ್ಲ, ಅದು ಮರ್ಯಾದೆ.

ನಾನು ಹೇಳಹೊರಟಿದ್ದು ಪಾರವ್ವನ ಕಥೆ. ನಮ್ಮ ಓಣಿಯ ಕೊನೆಯ ಮನೆ ಅವಳದು. ಐವತ್ತೆಂಟರ ಹೆಂಗಸು, ಕೈ ಸಣ್ಣದು, ಬಾಯಿ ದೊಡ್ಡದು. ಅವಳ ಪಡಸಾಲೆಯಲ್ಲಿ ಅವಳೂ ಸೇರಿ ಹದಿನೇಳು ಹೆಂಗಸರು ಕೂತು ಕೌದಿ ಹೊಲಿಯುತ್ತಾರೆ. ಹಳೆಯ ಸೀರೆ, ಧೋತರಗಳ ತುಂಡನ್ನು ಪದರ ಪದರವಾಗಿ ಹಾಸಿ, ಸಾಲುಸಾಲು ಹೊಲಿಗೆ ಹಾಕಿ ಮಾಡುವ ಹೊದಿಕೆಗೆ ಹೊರಗಿನ ಊರಿನ ಜನ ಇಷ್ಟು ಹಾತೊರೆಯುತ್ತಾರೆಂದು ನಮಗೇನು ಗೊತ್ತಿತ್ತು? ಪಾರವ್ವ ಇಂಟರ್ನೆಟ್ಟಿನಲ್ಲಿ ‘ಪಾರವ್ವನ ಕೌದಿ’ ಎಂದು ಒಂದು ಪುಟ ತೆರೆದಳು, ಕೌದಿಗಳ ಫೋಟೋ ಹಾಕಿದಳು, ಕೆಳಗೆ ತನ್ನ ಮನೆಯ ವಿಳಾಸ ಬರೆದಳು. ಆಮೇಲೆ ಶುರುವಾಯಿತು. ಎಲ್ಲೆಲ್ಲಿಂದಲೋ ಜನ ತಮ್ಮ ತೀರಿಕೊಂಡ ತಾಯಿಯ, ಅಜ್ಜಿಯ, ಅಕ್ಕನ ಸೀರೆ ಕಳಿಸತೊಡಗಿದರು. ಇದರಿಂದ ಒಂದು ಕೌದಿ ಹೊಲಿದು ಕೊಡಿ, ಹೊದ್ದುಕೊಂಡು ಮಲಗುತ್ತೇವೆ ಎಂದು. ವಾರಕ್ಕೆ ಆರೇಳು ಪಾರ್ಸಲ್ಲು ನನ್ನ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದವು. ಜೊತೆಗೆ ಬಂದ ಪತ್ರವನ್ನು ಪಾರವ್ವ ಎಲ್ಲರಿಗೂ ಓದಿಸಿ, ಸೀರೆಯನ್ನು ಕಣ್ಣಿಗೊತ್ತಿಕೊಂಡೇ ಕತ್ತರಿ ಹಿಡಿಯುತ್ತಿದ್ದಳು. ಸತ್ತವರ ಬಟ್ಟೆ ಕೈಗೆ ಬಂದಿದೆ ಎಂದರೆ ಅದು ಒಪ್ಪಿಸಿಕೊಂಡ ಮಗು ಇದ್ದ ಹಾಗೆ ಎನ್ನುತ್ತಿದ್ದಳು.

ಆ ಪುಟಕ್ಕೆ ಒಂದು ಪಾಸ್‌ವರ್ಡ್ ಇತ್ತು. ಇತ್ತು ಎಂದರೆ, ದಿನಾ ಬೆಳಿಗ್ಗೆ ಪಾರವ್ವನ ಗೋಡೆಯ ಮೇಲೆ ಇರುತ್ತಿತ್ತು. ನಮ್ಮ ಗೋಡೆಗಳಿಗೆ ಇಂಗ್ಲಿಷೂ ಬರುತ್ತದೆ. ದೊಡ್ಡ ಅಕ್ಷರ, ಸಣ್ಣ ಅಕ್ಷರ, ಕೊನೆಯಲ್ಲೊಂದು ಚುಕ್ಕಿ, ಯಾವುದೂ ತಪ್ಪುವುದಿಲ್ಲ. ಓದುವವರು ಯಾರೂ ಇಲ್ಲದ್ದರಿಂದ ಎರಡು ವರ್ಷ ಏನೂ ಆಗಲಿಲ್ಲ.

ಮೂರನೆಯ ವರ್ಷ ಪಾರ್ಸಲ್ಲುಗಳು ಕಡಿಮೆಯಾದವು. ಆರಿದ್ದದ್ದು ಮೂರಾಯಿತು, ಮೂರಿದ್ದದ್ದು ಒಂದಾಯಿತು, ಒಂದು ವಾರ ಒಂದೂ ಇಲ್ಲ. ಅದರ ಬದಲು ಪತ್ರಗಳು ಬರತೊಡಗಿದವು. ಎರಡು ತಿಂಗಳ ಹಿಂದೆ ಅಮ್ಮನ ಸೀರೆ ಕಳಿಸಿದ್ದೆ, ಕೌದಿ ಆಯಿತೇ? ಅಜ್ಜಿಯ ಸೀರೆ ತಲುಪಿತೇ, ಒಂದು ಮಾತು ಬರೆಯಬಾರದೇ? ಪಾರವ್ವನ ಹತ್ತಿರ ಆ ಸೀರೆಗಳು ಬಂದೇ ಇರಲಿಲ್ಲ. ನಾನು ಎಲ್ಲೋ ಬಿಟ್ಟು ಬಂದಿರಬೇಕು ಎಂದು ಅವಳು ನನ್ನ ಮೇಲೇ ಏರಿ ಬಂದಳು. ಇಪ್ಪತ್ತಾರು ವರ್ಷದಲ್ಲಿ ಒಂದು ಕಾರ್ಡು ಕಳೆದವನಲ್ಲ ನಾನು, ನನಗೂ ರೇಗಿತು. ಕೂತು ಪುಟ ತೆಗೆದು ನೋಡಿದೆವು. ಹೆಸರು ಅವಳದೇ, ಫೋಟೋಗಳೂ ಅವಳವೇ. ಕೆಳಗಿನ ವಿಳಾಸ ಮಾತ್ರ ಬೇರೆ. ಯಾವುದೋ ಪಟ್ಟಣದ ಒಂದು ಪೋಸ್ಟ್ ಬಾಕ್ಸ್ ನಂಬರು. ಆ ಬಾಕ್ಸು ಯಾರದು ಎಂದು ಕೇಳಿ ಅಲ್ಲಿಯ ಆಫೀಸಿಗೆ ಬರೆದೆ. ಹೇಳಲು ನಿಯಮವಿಲ್ಲ ಎಂದು ಉತ್ತರ ಬಂತು. ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ ಎನ್ನಿ.

ಯಾರೋ ಗೋಡೆ ಓದುತ್ತಿದ್ದಾರೆ ಎಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಪಾರವ್ವ ವಿಳಾಸ ಸರಿಮಾಡಿ ಪಾಸ್‌ವರ್ಡ್ ಬದಲಿಸುವಳು, ಮರುದಿನ ಮಧ್ಯಾಹ್ನದೊಳಗೆ ವಿಳಾಸ ಮತ್ತೆ ಆ ಬಾಕ್ಸಿಗೇ ಹೋಗಿರುವುದು. ಓಣಿಯವರೆಲ್ಲ ಒಂದೊಂದು ಉಪಾಯ ಹೇಳಿದರು. ಕುಡುಕ ಕಲ್ಲಪ್ಪನ ಕೈಯಲ್ಲಿ ಪಾಸ್‌ವರ್ಡ್ ಬರೆಸಿದರೆ ಅವನಿಗೆ ಬೆಳಿಗ್ಗೆ ನೆನಪಿರುವುದಿಲ್ಲ, ಗೋಡೆಗೂ ಸಿಗುವುದಿಲ್ಲ ಎಂದರು. ಕಲ್ಲಪ್ಪ ಮರೆತದ್ದು ನಿಜ, ಗೋಡೆ ಮರೆಯಲಿಲ್ಲ. ಆಮೇಲೆ ಫೋನಿಗೆ ಬರುವ ಆರು ಅಂಕಿಯ ಉಪಾಯ. ಅದು ಗಳಿಗೆಗೊಂದು ಬದಲಾಗುತ್ತದೆ, ಗೋಡೆ ಬರೆಯುವಷ್ಟರಲ್ಲಿ ಹಳತಾಗಿರುತ್ತದೆ. ಒಳ್ಳೆಯದೇ. ಆದರೆ ಒಂದು ದಿನ ಯಾರೋ ಫೋನ್ ಮಾಡಿ, ನಾವು ಕಂಪನಿಯವರು, ಅಂಕಿ ಎಷ್ಟು ಬಂದಿದೆ ಎಂದು ಕೇಳಿದರು. ಪಾರವ್ವ ಆರು ಅಂಕಿಯನ್ನೂ ಬಿಡಿಬಿಡಿಯಾಗಿ ಹೇಳಿ, ಊಟ ಆಯಿತೇನಪ್ಪಾ ಎಂದೂ ವಿಚಾರಿಸಿದಳು. ತಪ್ಪು ಅವಳದಲ್ಲ. ನಾಳೆ ಗೋಡೆಯ ಮೇಲೆ ಬರುವುದನ್ನು ಇವತ್ತು ಬಾಯಲ್ಲಿ ಹೇಳಿದರೆ ಏನಾಯಿತು ಎಂದುಕೊಂಡೇ ಬೆಳೆದವರು ನಾವು. ಕೇಳಿದವರಿಗೆ ಇಲ್ಲ ಎನ್ನುವ ಅಭ್ಯಾಸವೇ ನಮ್ಮ ನಾಲಿಗೆಗೆ ಇಲ್ಲ. ಅವತ್ತು ಪುಟ ಪೂರ್ತಿ ಕೈಬಿಟ್ಟುಹೋಯಿತು. ಅವಳ ಪುಟ ಅವಳಿಗೇ ಬಾಗಿಲು ತೆರೆಯಲಿಲ್ಲ.

ಮಂದಾಕಿನಿಯವರು ಬಂದದ್ದು ಆಮೇಲೆ, ಒಂದು ಸೋಮವಾರ, ಬೆಳಗಿನ ಮೊದಲ ಬಸ್ಸಿಗೆ. ದೊಡ್ಡ ಪಟ್ಟಣದ ಗ್ರಂಥಾಲಯವೊಂದರಲ್ಲಿ ಕೆಲಸ ಅವರದು. ಐವತ್ತರ ಆಸುಪಾಸು, ನೇರ ಮಾತು, ದಪ್ಪ ಕನ್ನಡಕ. ಪಾರವ್ವನ ಮನೆ ಯಾವುದು ಎಂದು ನನ್ನನ್ನೇ ಕೇಳಿದರು. ದಾರಿಯುದ್ದಕ್ಕೂ ಬೈಯುತ್ತಲೇ ಬಂದರು. ಅವರ ತಾಯಿಯ ಮದುವೆಯ ಸೀರೆ, ಈರುಳ್ಳಿ ಸಿಪ್ಪೆಯ ಬಣ್ಣದ ರೇಷ್ಮೆ, ಮಾವಿನಕಾಯಿ ಅಂಚು, ಅಪ್ಪಟ ಜರಿ. ಪುಟದಲ್ಲಿದ್ದ ವಿಳಾಸಕ್ಕೆ ಕಳಿಸಿ ಮೂರು ತಿಂಗಳಾಗಿತ್ತು. ಸತ್ತವರ ಬಟ್ಟೆ ಕದಿಯುವವರು ಎಂಥ ಜನ, ಮುಖ ನೋಡಿಯೇ ಹೋಗುತ್ತೇನೆ ಎಂದರು.

ಬಾಗಿಲ ಹತ್ತಿರ ಬಂದವರು ನಿಂತುಬಿಟ್ಟರು. ಹೊರಗಿನವರಿಗೆ ನಮ್ಮ ಮರ್ಯಾದೆ ಗೊತ್ತಿಲ್ಲವಲ್ಲ, ಗೋಡೆಯನ್ನು ನೆಟ್ಟಗೆ ನೋಡಿ ಗಟ್ಟಿಯಾಗಿ ಓದಿದರು. ‘ಜನಾ ನನ್ನ ಕಳ್ಳಿ ಅಂತ ತಿಳಕೊಂಡ್ರ ನಾ ಹೆಂಗ ಬದುಕಲಿ. ಯಾರ್ಯಾರ ಅವ್ವನ ಸೀರಿ ಎಲ್ಲಿ ಅದಾವೋ.’ ಅದರ ಕೆಳಗೆ ಪಾರವ್ವ ಹಿಂದಿನ ದಿನ ಸುಮ್ಮನೆ ಪ್ರಯತ್ನಿಸಿ ನೋಡಿದ್ದ ಐದಾರು ಪಾಸ್‌ವರ್ಡುಗಳು ಸಾಲಾಗಿದ್ದವು. ಬೈಯಲು ಬಂದಿದ್ದವರು ಚಪ್ಪಲಿ ಕಳಚಿಟ್ಟರು. ಒಳಗಿನಿಂದ ಬಂದ ಪಾರವ್ವ ಅವರ ಮುಖ ನೋಡಿ, ಗೋಡೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಚಹಾ ಆಯಿತು. ಮಂದಾಕಿನಿಯವರು ಸೀರೆಯ ವಿಷಯ ಹೇಳಿದರು. ಜರಿ ಎಂಬ ಮಾತು ಬಂದಾಗ ಪಡಸಾಲೆಯ ಹೆಂಗಸರೆಲ್ಲ ತಲೆ ತಗ್ಗಿಸಿದರು. ಹಳೆಯ ಅಪ್ಪಟ ಜರಿಯ ಸೀರೆಯನ್ನು ಸುಟ್ಟರೆ ಬೂದಿಯಲ್ಲಿ ಬೆಳ್ಳಿ ಉಳಿಯುತ್ತದೆ. ಕಳ್ಳನಿಗೆ ಬೇಕಾದದ್ದು ಯಾರ ಅವ್ವನೂ ಅಲ್ಲ, ಆ ಬೆಳ್ಳಿ. ಪಾರವ್ವ ಎದೆಯ ಮೇಲೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ಗೋಡೆಯ ಗೂಡಿನಲ್ಲಿಟ್ಟಳು. ಇವರ ತಾಯಿಯ ಸೀರೆ ಸಿಗುವವರೆಗೆ, ಸುಟ್ಟುಹೋಗಿದೆ ಎಂದಾದರೂ ಖಾತ್ರಿಯಾಗುವವರೆಗೆ, ಸೂಜಿಗೆ ದಾರ ಪೋಣಿಸುವುದಿಲ್ಲ ಎಂದಳು. ಪಾರವ್ವ ಆಡಿದ್ದನ್ನು ಮಾಡುವವಳು. ಹದಿನಾರು ಹೆಂಗಸರೂ ಒಬ್ಬೊಬ್ಬರಾಗಿ ತಮ್ಮ ಸೂಜಿಗಳನ್ನು ಅದೇ ಗೂಡಿನಲ್ಲಿಟ್ಟರು. ಆ ಪಡಸಾಲೆ ನಾನು ಕಂಡಾಗಿನಿಂದ ಒಂದು ದಿನ ಸುಮ್ಮನೆ ಕೂತದ್ದಿಲ್ಲ.

ಮಂದಾಕಿನಿಯವರು ಗೂಡಿನ ಹತ್ತಿರ ಹೋಗಿ ಸೂಜಿಗಳನ್ನು ನೋಡಿದರು. ಆಮೇಲೆ ತಮ್ಮ ಚೀಲದಿಂದ ಕೀಲಿಕೈಗಳ ಒಂದು ಗೊಂಚಲು ತೆಗೆದರು. ಅದರಲ್ಲಿ ಹೆಬ್ಬೆರಳಿನ ಉಗುರಿಗಿಂತ ತುಸು ಉದ್ದದ ಒಂದು ಕರಿ ತುಂಡಿತ್ತು, ನಡುವೆ ಹಿತ್ತಾಳೆಯ ಬೊಟ್ಟು. ಅವರ ಗ್ರಂಥಾಲಯದಲ್ಲಿ ಎಲ್ಲ ಕೆಲಸದವರಿಗೂ ಒಂದೊಂದು ಕೊಟ್ಟಿದ್ದರಂತೆ, ಓದುಗರ ಹೆಸರು ವಿಳಾಸಗಳು ಪರರ ಕೈಗೆ ಹೋಗಬಾರದೆಂದು. ಕಂಪ್ಯೂಟರಿಗೋ ಫೋನಿಗೋ ಇದನ್ನು ಚುಚ್ಚಿ, ಬೊಟ್ಟನ್ನು ಬೆರಳಿನಿಂದ ಮುಟ್ಟಿದರೆ ಮಾತ್ರ ಪುಟ ತೆರೆಯುತ್ತದೆ. ಪಾಸ್‌ವರ್ಡ್ ಬೇಡ, ಅಂಕಿ ಬೇಡ. ಪಾರವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿ, ಎಲ್ಲಾ ಸರಿ, ಇದರ ಗುಟ್ಟೂ ನಾಳೆ ಗೋಡೆಯ ಮೇಲೆ ಬಂದರೆ ಏನು ಮಾಡುವುದು ಎಂದು ಕೇಳಿದಳು.

“ಇದರೊಳಗೆ ಗುಟ್ಟಿದೆ, ಪಾರವ್ವನವರೇ. ಆದರೆ ಅದು ನನಗೂ ಗೊತ್ತಿಲ್ಲ, ಮಾಡಿದವರಿಗೂ ಗೊತ್ತಿಲ್ಲ. ಒಳಗೇ ಹುಟ್ಟಿ ಒಳಗೇ ಇರುತ್ತದೆ, ಹೊರಗೆ ಬರುವುದೇ ಇಲ್ಲ.”

“ಅಂದ್ರ, ಇಟ್ಟುಕೊಂಡಾಕಿಗೇ ಗೊತ್ತಿರೂದಿಲ್ಲ?”

“ಇರುವುದಿಲ್ಲ.”

ಪಾರವ್ವ ಬಾಗಿಲ ಕಡೆ ತಿರುಗಿ, ಗೋಡೆಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದಳು. “ನನಗ ಗೊತ್ತಿಲ್ಲದ್ದು ಈ ಗ್ವಾಡಿಗೆ ಹೆಂಗ ಗೊತ್ತಾಗತೈತಿ? ಈಗ ಬರಿ ನೋಡೂಣು.”

ಮಂದಾಕಿನಿಯವರು ಅವತ್ತು ಸಂಜೆಯ ಬಸ್ಸಿಗೇ ಹೋದರು. ಕಳೆದ ಪುಟ ವಾಪಸು ಪಡೆಯಲು ಅವರೇ ಕಂಪನಿಗೆ ಬರೆದರು. ಪಾರವ್ವನ ಫೋಟೋ, ಊರ ಪಂಚಾಯ್ತಿಯ ಕಾಗದ, ಹಳೆಯ ಕೌದಿಗಳ ಚಿತ್ರ ಎಲ್ಲ ಕಳಿಸಿ ಹನ್ನೊಂದು ದಿನ ಬೆನ್ನುಬಿದ್ದರು. ಹನ್ನೆರಡನೆಯ ದಿನ ನಾನು ಪಾರವ್ವನಿಗೆ ಒಂದು ರಿಜಿಸ್ಟರ್ಡ್ ಲಕೋಟೆ ತಂದುಕೊಟ್ಟೆ. ಒಳಗೆ ಎರಡು ಕರಿ ತುಂಡು. ಒಂದು ಕಳೆದರೆ ಇನ್ನೊಂದಿರಲಿ, ಎರಡನ್ನೂ ಒಂದೇ ಕಡೆ ಇಡಬೇಡಿ ಎಂದು ಚೀಟಿ. ಮಂದಾಕಿನಿಯವರು ಫೋನಿನಲ್ಲಿ ಹೇಳುತ್ತ ಹೋದ ಹಾಗೆ ಪಾರವ್ವ ಮಾಡುತ್ತ ಹೋದಳು. ಸೂಜಿ ಚುಚ್ಚಿ ಚುಚ್ಚಿ ಅವಳ ಹೆಬ್ಬೆರಳು ಜಡ್ಡುಗಟ್ಟಿದೆ, ಗೆರೆಯೇ ಇಲ್ಲ. ಆ ಬೆರಳನ್ನು ಇದು ಗುರುತು ಹಿಡಿದೀತೇ ಎಂದು ಅವಳಿಗೆ ಅಳುಕು. ಇದು ಬೆರಳಿನ ಗೆರೆ ನೋಡುವುದಿಲ್ಲ, ಜೀವವಿರುವ ಬೆರಳೊಂದು ಮುಟ್ಟಿದರೆ ಸಾಕು ಎಂದು ಮಂದಾಕಿನಿಯವರು ಹೇಳಿದರು. ಪಾರವ್ವ ಮುಟ್ಟಿದಳು. ಬೊಟ್ಟು ಮಿಣುಕಿತು. ಪುಟ ತೆರೆಯಿತು. ಅವಳು ಮೊದಲು ಮಾಡಿದ ಕೆಲಸ, ತನ್ನ ಮನೆಯ ವಿಳಾಸವನ್ನು ಮತ್ತೆ ಬರೆದದ್ದು.

“ಕೀಲಿಗೆ ಕೈ ಬೇಕು ನೋಡು ನಿಂಗಪ್ಪಣ್ಣ, ಅದಕ್ಕs ನಮ್ಮ ಹಿರ್ಯಾರು ಕೀಲಿಕೈ ಅಂದಾರ,” ಎಂದಳು. ಒಂದನ್ನು ಸೊಂಟದ ಗೊಂಚಲಿಗೆ ಸಿಕ್ಕಿಸಿದಳು. ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯೊಳಗೆ ಹುಗಿದಳು.

ಮರುದಿನ ಬೆಳಿಗ್ಗೆ ನಮ್ಮೂರಿನ ನೂರು ವರ್ಷದ ಮರ್ಯಾದೆ ಮುರಿಯಿತು. ಇಡೀ ಓಣಿ ಪಾರವ್ವನ ಗೋಡೆಯ ಮುಂದೆ ನೆರೆದಿತ್ತು. ನಾನೂ ನೋವು ತಡೆದುಕೊಂಡು ಕತ್ತನ್ನು ಎಡಕ್ಕೆ ತಿರುಗಿಸಿದೆ. ಬಿಸಿಲು ಬಿತ್ತು. ನೀಲಿ ಅಕ್ಷರಗಳು ಮೂಡಿದವು. ‘ಒಂದು ಸೊಂಟದಾಗ. ಇನ್ನೊಂದು ಹಿಟ್ಟಿನ ಡಬ್ಬ್ಯಾಗ.’ ಕಾದೆವು. ಮತ್ತೇನೂ ಬರಲಿಲ್ಲ. ಗೋಡೆಗೆ ಬರೆಯಲು ಇದ್ದದ್ದೇ ಅಷ್ಟು. ಪಾರವ್ವ ಸೊಂಟದ ಮೇಲೆ ಕೈಯಿಟ್ಟು, ಹುಟ್ಟಿದಾಗಿನಿಂದ ತನ್ನ ಮಾನ ಕಳೆಯುತ್ತ ಬಂದ ಆ ಗೋಡೆಯನ್ನು ನೋಡಿ ನಕ್ಕಳು. ಹೆಂಗಸರು ನಕ್ಕರು, ಕುಡುಕ ಕಲ್ಲಪ್ಪನೂ ನಕ್ಕ. ನನಗೆ ಯಾಕೋ ಕಣ್ಣು ತುಂಬಿ ಬಂತು.

ಎಂಟು ದಿನ ವಿಳಾಸ ಅಲುಗಲಿಲ್ಲ. ಪಾರ್ಸಲ್ಲುಗಳು ಮತ್ತೆ ಬರತೊಡಗಿದವು. ಪಾರವ್ವ ಅವನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿಡುತ್ತಿದ್ದಳೇ ಹೊರತು ಸೂಜಿ ಮುಟ್ಟಲಿಲ್ಲ. ಒಂಬತ್ತನೆಯ ದಿನ ಅವಳ ಫೋನಿಗೆ ಒಂದು ಸಂದೇಶ ಬಂತು. ನಿಮ್ಮ ಪುಟ ಇವತ್ತೇ ಮುಚ್ಚಿಹೋಗುತ್ತದೆ, ತಕ್ಷಣ ಒಳಗೆ ಬನ್ನಿ ಎಂದು. ಕೆಳಗೊಂದು ಲಿಂಕು ಇತ್ತು. ಪಾರವ್ವ ಹಿಂದೆಮುಂದೆ ನೋಡದೆ ಅದನ್ನು ಒತ್ತಿದಳು. ಅವಳದೇ ಪುಟದ ಬಾಗಿಲು, ಅದೇ ಬಣ್ಣ, ಅದೇ ಅಕ್ಷರ. ಸೊಂಟದಿಂದ ಕೀಲಿಕೈ ತೆಗೆದು ಚುಚ್ಚಿ ಮುಟ್ಟಿದಳು. ಪುಟ ತೆರೆಯಲೇ ಇಲ್ಲ. ಒರೆಸಿ ಮುಟ್ಟಿದಳು, ಊದಿ ಮುಟ್ಟಿದಳು, ಹಿಟ್ಟಿನಿಂದ ಇನ್ನೊಂದನ್ನು ತೆಗೆದು ಅದನ್ನೂ ಮುಟ್ಟಿದಳು. ಊಹೂಂ. ಎರಡು ಕೀಲಿಕೈಗೂ ಅವುಗಳ ಹಿರಿಯರಿಗೂ ಸೇರಿಸಿ ಬೈದು, ಕೊನೆಗೆ ಮಂದಾಕಿನಿಯವರಿಗೆ ಫೋನ್ ಮಾಡಿದಳು.

ಅವರು ಪುಟದ ನೆತ್ತಿಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಓದಿ ಹೇಳಿ ಎಂದರು. ಟಪಾಲು ಕೊಡಲು ಬಂದಿದ್ದ ನಾನು ಓದಿದೆ. ನಡುವೆ ಒಂದು ಅಕ್ಷರ ಹೆಚ್ಚಿತ್ತು. ಬರೇ ಒಂದು. ಅದು ಕಳ್ಳ ಕಟ್ಟಿದ ನಕಲಿ ಬಾಗಿಲು. ನಮ್ಮ ನಾಲ್ಕು ಕಣ್ಣಿಗೆ ಕಾಣದ್ದು ಆ ಕರಿ ತುಂಡಿಗೆ ಕಂಡಿತ್ತು. ಅದು ಬಾಗಿಲಿನ ಬಣ್ಣ ನೋಡುವುದಿಲ್ಲ, ಹೆಸರು ನೋಡುತ್ತದೆ, ಬೇರೆ ಹೆಸರಿನ ಬಾಗಿಲಿಗೆ ಸತ್ತರೂ ಹೊಂದುವುದಿಲ್ಲ ಎಂದು ಮಂದಾಕಿನಿಯವರು ವಿವರಿಸಿದರು. ಪಾರವ್ವ ಕೀಲಿಕೈಯನ್ನು ಸೆರಗಿನಿಂದ ಒರೆಸಿದಳು. ಕೇಳಿದವರಿಗೆಲ್ಲ ಹೌದು ಎನ್ನುವ ಊರಿನಲ್ಲಿ ಇಲ್ಲ ಎನ್ನುವುದೊಂದು ಮನೆಗೆ ಬಂದಿದೆ ಎಂದಳು. ಬೈದದ್ದಕ್ಕೆ ಅದರ ಕ್ಷಮೆಯನ್ನೂ ಕೇಳಿದಳು.

ಆಮೇಲೆ ಅವಳ ತಲೆ ಓಡಿತು. ದೂರದಿಂದ ಸಾಗದೆ ಹೋದದ್ದನ್ನು ಕಳ್ಳ ಹತ್ತಿರದಿಂದ ಮಾಡಲು ನೋಡಿಯೇ ನೋಡುತ್ತಾನೆ. ಅವನು ಗೋಡೆ ಓದುವವನು. ಹಿಟ್ಟಿನ ಡಬ್ಬಿಯ ಸುದ್ದಿ ಅವನಿಗೆ ಗೊತ್ತು. ನಮ್ಮೂರಿನವರಿಗೂ ಗೊತ್ತಲ್ಲ ಎಂದು ನಾನು ಕೇಳಿದೆ. ನಮ್ಮೂರಿನವರು ಓದಿಲ್ಲ, ಅವತ್ತು ಬರೀ ನೋಡಿದ್ದು ಎಂದು ಪಾರವ್ವ ಹೇಳಿದಳು. ಅದೇನು ವ್ಯತ್ಯಾಸವೋ, ಅವಳ ಕೂಡ ವಾದ ಮಾಡುವವರು ಯಾರು. ಕೀಲಿಕೈಯನ್ನು ಬೇರೆಡೆ ಬಚ್ಚಿಡುವ ಬದಲು ಮತ್ತೆ ಡಬ್ಬಿಯಲ್ಲೇ ಹುಗಿದು, ಡಬ್ಬಿಯನ್ನು ಅಡುಗೆಮನೆಯ ಬಾಗಿಲಿಗೆ ಹತ್ತಿರ ಸರಿಸಿದಳು. ಉಪಾಯವನ್ನು ಮನಸ್ಸಿನಲ್ಲೇ ಮುಚ್ಚಿಟ್ಟುಕೊಂಡರೆ ಗೋಡೆಗೆ ಬರುತ್ತದೆಂದು ಹದಿನಾರು ಹೆಂಗಸರಿಗೂ ಅವತ್ತೇ ಹೇಳಿ ಹಗುರಾದಳು. ಗೋಡೆ ಸುಳ್ಳು ಹೇಳುವುದಿಲ್ಲ, ಅವಳೂ ಹೇಳಿಸಲಿಲ್ಲ.

ನಾಲ್ಕನೆಯ ದಿನ ನಾನು ಪಾರ್ಸಲ್ಲು ಹಿಡಿದು ಹೋದಾಗ ಅಂಗಳದಲ್ಲಿ ಒಂದು ಸೈಕಲ್ಲು ನಿಂತಿತ್ತು. ಹಳೆ ಜರಿ ಕೊಳ್ಳುವ ಚಿದಾನಂದನದು. ದಿನಾ ಮೊದಲ ಬಸ್ಸಿನ ಮೇಲೆ ಸೈಕಲ್ಲು ಹೇರಿಕೊಂಡು ಬಂದು, ಬೆಳಗಿನ ಎಳೆ ಬಿಸಿಲಿನಲ್ಲೇ ಓಣಿ ಓಣಿ ತಿರುಗಿ ಕೂಗುವ ಮನುಷ್ಯ. ಜರಿ ಕೊಳ್ಳುವವನಿಗೆ ಅಷ್ಟು ಬೇಗ ಏನು ಕೆಲಸ ಎಂದು ಏಳು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಎಲ್ಲರೂ ಬಲಕ್ಕೆ ನೋಡುವ ಊರಿನಲ್ಲಿ ಎಡಕ್ಕೆ ನೋಡುವವನು ಕಾಣುವುದಾದರೂ ಹೇಗೆ? ಅವನು ನೀರು ಕೇಳಿದ್ದ. ಪಾರವ್ವ ಹಿತ್ತಲ ಕೊಡದಿಂದ ತರುತ್ತೇನೆಂದು ಹೋಗಿ, ಹಿತ್ತಲ ಬಾಗಿಲ ಸಂದಿಯಲ್ಲೇ ನಿಂತಿದ್ದಳು. ನಾನು ಪಡಸಾಲೆಗೆ ಕಾಲಿಟ್ಟೆ, ಅವಳು ಚೊಂಬು ಹಿಡಿದು ಒಳಗೆ ಬಂದಳು, ನಡುವೆ ಚಿದಾನಂದ. ಬಲಗೈ ಡಬ್ಬಿಯೊಳಗೆ, ಮೊಣಕೈವರೆಗೂ ಬಿಳಿ.

“ಹಿಟ್ಟಿನಾಗ ಜರಿ ಇರೂದಿಲ್ಲಪಾ, ಚಿದಾನಂದ,” ಎಂದಳು ಪಾರವ್ವ.

ಅವನು ಹಸಿವು ಎಂದ, ಇಲಿ ಎಂದ, ಉಂಗುರ ಬಿತ್ತು ಎಂದ. ಯಾರೂ ಅವನ ಮೈ ಮುಟ್ಟಲಿಲ್ಲ. ಕೈ ತೊಳೆಯಲು ನೀರು ಕೊಟ್ಟರು, ಕುಡಿಯಲು ಕೊಟ್ಟರು, ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿದರು. ಅವನು ಬಸ್ಸಿಗೆ ಹೊತ್ತಾಯಿತು ಎಂದಾಗ ಹದಿನೇಳು ಹೆಂಗಸರು ಬಾಗಿಲಲ್ಲಿ ಕೂತಿದ್ದರು. ಇವತ್ತು ವಸ್ತಿ ನಮ್ಮೂರಲ್ಲೇ, ಹೆಣ್ಣು ನೋಡಲು ಬಂದವರಿಗೂ ಬಿಟ್ಟಿದ್ದಲ್ಲ, ನಿನಗೆ ಬಿಟ್ಟೀತೇ ಎಂದರು. ಮಲಗಲು ನನ್ನ ಮನೆ ಗೊತ್ತುಮಾಡಿದರು. ಅವನಿಗೆ ಅರ್ಥವಾದದ್ದು ಆಗಲೇ. ಎಚ್ಚರವಿದ್ದರೆ ಗೋಡೆ ಬರೆಯಲಾರದು ಎಂದುಕೊಂಡನೋ ಏನೋ, ನಿದ್ದೆ ಬಾರದಿರಲೆಂದು ಮಗ್ಗುಲು ಹೊರಳಿಸುತ್ತಲೇ ಇದ್ದ. ಹೊಟ್ಟೆ ತುಂಬ ಮೊಸರು ಹಾಕಿದ್ದು ಪಾರವ್ವ. ಬೆಳಗಿನ ಹೊತ್ತಿಗೆ ಅವನು ಗೊರಕೆ ಹೊಡೆಯುತ್ತಿದ್ದ.

ಬಿಸಿಲು ಬಿದ್ದಾಗ ನನ್ನ ಗೋಡೆ ಮೇಲಿನಿಂದ ಕೆಳಗಿನವರೆಗೆ ನೀಲಿಯಾಯಿತು. ಮೊದಲ ಸಾಲು ನನ್ನದು. ಅದನ್ನು ನೀವು ಓದಿಲ್ಲ ಎಂದುಕೊಳ್ಳಿ, ಪಾರವ್ವನೂ ಓದಿಲ್ಲ ಎಂದುಕೊಂಡಿದ್ದಾಳೆ. ಉಳಿದದ್ದು ಚಿದಾನಂದನದು. ಬಾಕ್ಸಿನ ನಂಬರು, ಆ ಪಟ್ಟಣದ ಎಣ್ಣೆಗಾಣದ ಹಿಂದಿನ ಕೋಣೆ, ಕೋಣೆಯ ಕೀಲಿಕೈ ಅವನ ಎಡಗಾಲಿನ ಚಪ್ಪಲಿಯಲ್ಲಿ. ಆಮೇಲೆ ಸೀರೆಗಳ ಪಟ್ಟಿ, ನಲವತ್ತೊಂದು. ಒಂಬತ್ತರ ಮುಂದೆ ‘ಸುಟ್ಟದ್ದು’ ಎಂದಿತ್ತು. ಪಾರವ್ವ ಆ ಒಂಬತ್ತನ್ನು ಮೊದಲು ಓದಿಸಿದಳು. ಓದಿ ಮುಗಿಯುವವರೆಗೆ ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಹೊದ್ದು ನಿಂತರು. ಹದಿನಾಲ್ಕನೆಯ ಸಾಲು: ‘ಈರುಳ್ಳಿ ಸಿಪ್ಪಿ ಬಣ್ಣ, ಮಾವಿನಕಾಯಿ ಅಂಚು. ಜರಿ ದಪ್ಪ. ದೀಪಾವಳಿಗೆ ಸುಡೂದು.’ ದೀಪಾವಳಿಗೆ ಇನ್ನೂ ಒಂಬತ್ತು ದಿನವಿತ್ತು. ಪಾರವ್ವ ನನ್ನ ಕಟ್ಟೆಯ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ದಿನ ಅತ್ತಿರಲಿಲ್ಲ ಅವಳು.

ಪೊಲೀಸರು ಚಿದಾನಂದನನ್ನು ಕರೆದುಕೊಂಡು ಹೋದರು. ಮೂವತ್ತೆರಡು ಸೀರೆ ತುಂಬಿದ ಟ್ರಂಕನ್ನು ನಾನೇ ಹೋಗಿ ಬಸ್ಸಿನಲ್ಲಿ ತಂದೆ, ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಹೊತ್ತ ಅತಿ ದೊಡ್ಡ ಪಾರ್ಸಲ್ಲು. ಊರ ಬಾಗಿಲಲ್ಲಿ ಹಲಗೆ ಬಾರಿಸಿದರು. ಕಲ್ಲಪ್ಪ ಟ್ರಂಕಿನ ಮುಂದೆ ಕುಣಿದ, ಅದೂ ಕುಡಿಯದೆ.

ಮಂದಾಕಿನಿಯವರು ಮರುದಿನ ಸಂಜೆ ಬಂದು ಪಾರವ್ವನ ಮನೆಯಲ್ಲಿ ಉಳಿದರು. ಬೆಳಿಗ್ಗೆ ಅವರ ಸೀರೆಯ ಮೇಲೆಯೇ ಮೊದಲ ಹೊಲಿಗೆ ಎಂದು ನಿಶ್ಚಯವಾಗಿತ್ತು. ಹೆಂಗಸರು ಹೊತ್ತಿಗೆ ಮುಂಚೆಯೇ ನೆರೆದರು. ಪಾರವ್ವ ಗೂಡಿನಿಂದ ಸೂಜಿ ತೆಗೆದು, ಒಂದು ತಿಂಗಳ ಮೇಲೆ ಮೊದಲ ಸಲ ದಾರ ಪೋಣಿಸಿ, ಕತ್ತರಿ ಒರೆಸಿಟ್ಟಳು. ಬಾಗಿಲಿಗೆ ನೀರು ಹಾಕಲು ತಂಬಿಗೆ ಹಿಡಿದು ಹೊರಗೆ ಬಂದಳು. ನಾನು ಅಲ್ಲೇ ಕಟ್ಟೆಗೆ ಒರಗಿ ನಿಂತಿದ್ದೆ. ಅವಳು ಒಂದು ಗಳಿಗೆ ನಿಂತು, ನನ್ನ ಹಾಗೆಯೇ ಕತ್ತನ್ನು ಬಲಕ್ಕೆ ಹೊರಳಿಸಿಕೊಂಡು ಒಳಗೆ ಹೋದಳು. ಕಣ್ಣಿಗೆ ಬಿದ್ದದ್ದನ್ನು ಬಿದ್ದಿಲ್ಲ ಎನ್ನಬೇಕು ಎಂದು ನಾನೇ ಹೇಳಿದೆ. ಆದರೆ ಕಥೆ ಹೇಳುವವನಿಗೆ ಒಂದು ಸಲ ಮಾಫಿ ಇರಲಿ. ಗೋಡೆಯ ಮೇಲೆ ಮಂದಾಕಿನಿಯವರ ಗುಟ್ಟು ಮೂಡಿತ್ತು. ‘ಇಷ್ಟೆಲ್ಲ ಕಷ್ಟಪಟ್ಟು ತಂದುಕೊಟ್ಟ ಮೇಲೆ ಕತ್ತರಿ ಹಾಕಬೇಡಿ ಎಂದು ಯಾವ ಬಾಯಲ್ಲಿ ಹೇಳಲಿ. ಅಮ್ಮನ ಸೀರೆ ಒಮ್ಮೆ ಉಡಬೇಕು.’

ಪಾರವ್ವ ಸೀರೆಯನ್ನು ಪಡಸಾಲೆಯ ತುಂಬ ಹರಡಿದಳು. ಅಂಚು ಹಿಡಿದು ಎಳೆದು ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು, ಸೆರಗನ್ನು ಬೆರಳ ನಡುವೆ ಉಜ್ಜಿ ನೋಡಿದಳು. ಮಂದಾಕಿನಿಯವರು ಪಕ್ಕದಲ್ಲಿ ಕೂತು ಕತ್ತರಿಯನ್ನೇ ನೋಡುತ್ತಿದ್ದರು.

“ಇದು ಕೌದಿಗೆ ಬರೂದಿಲ್ರೀ ಅಕ್ಕಾರ,” ಎಂದಳು ಪಾರವ್ವ, ಮುಖ ಗಂಟುಹಾಕಿಕೊಂಡು. “ಕೌದಿಗೆ ಸೋತ ಬಟ್ಟಿ ಬೇಕು. ಇದರ ನೂಲು ಇನ್ನೂ ಗಟ್ಟಿ ಐತಿ. ಇದು ಉಡೂ ಸೀರಿ.”

ಮಂದಾಕಿನಿಯವರು ಅವಳ ಮುಖ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿದರು. ಏನೂ ಕೇಳಲಿಲ್ಲ. ನಮ್ಮೂರಿನ ಮರ್ಯಾದೆ ಒಂದು ರಾತ್ರಿಯಲ್ಲೇ ಅವರಿಗೆ ಬಂದುಬಿಟ್ಟಿತ್ತು. ಒಳಕೋಣೆಗೆ ಹೋಗಿ, ತಾಯಿಯ ಮದುವೆಯ ಸೀರೆ ಉಟ್ಟು, ನೆರಿಗೆ ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. ಹದಿನಾರು ಹೆಂಗಸರು ಒಟ್ಟಿಗೆ ಎದ್ದು ನಿಂತರು. ಅವರನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ ನಾನೇ ಫೋಟೋ ತೆಗೆದೆ, ಕತ್ತು ಓರೆ ಇದ್ದದ್ದರಿಂದ ಫೋಟೋವೂ ತುಸು ಓರೆ ಬಂತು. ಪಾರವ್ವ ಸೊಂಟದಿಂದ ಕೀಲಿಕೈ ತೆಗೆದು ಚುಚ್ಚಿ, ಜಡ್ಡುಗಟ್ಟಿದ ಹೆಬ್ಬೆರಳಿನಿಂದ ಮುಟ್ಟಿದಳು. ಬೊಟ್ಟು ಮಿಣುಕಿತು, ಪುಟ ತೆರೆಯಿತು, ಫೋಟೋ ಹೋಯಿತು. ಕೆಳಗೆ ಅವಳು ಬರೆಸಿದ್ದು ಇಷ್ಟೇ: ಈ ಸೀರಿ ಅವರ ಅವ್ವಂದು, ಮನಿಗೆ ಬಂತು.

ಆಮೇಲೆ ಪಾರವ್ವ ಪೆಟ್ಟಿಗೆಯಿಂದ ತನ್ನದೇ ಒಂದು ಸೋತ ಸೀರೆ ತೆಗೆದು, ಪೋಣಿಸಿಟ್ಟ ಸೂಜಿಗೆ ಕೈಹಾಕಿದಳು. ಅವತ್ತು ಹೊಲಿದ ಕೌದಿಯ ಮೂಲೆಯಲ್ಲಿ ಎರಡನೆಯ ಕೀಲಿಕೈಯನ್ನು ಇಟ್ಟು ಹೊಲಿದಿದ್ದಾಳೆ. ಯಾವ ಮೂಲೆ ಎಂದು ಗೋಡೆ ದಿನಾ ಬೆಳಿಗ್ಗೆ ತಪ್ಪದೆ ಬರೆಯುತ್ತದೆ. ನಾನು ದಿನಾ ಆ ಬಾಗಿಲಿಗೆ ಟಪಾಲು ಕೊಡುತ್ತೇನೆ, ಇವತ್ತಿನವರೆಗೂ ಓದಿಲ್ಲ.